ಸಂಚಿಯ ಹೊನ್ನಮ್ಮ

ಶ್ರೀರಂಗಪಟ್ಟಣವನ್ನು ನೋಡಹೋದವರು ರಂಗನಾಥನ ಗುಡಿಯನ್ನೂ ಟಿಪ್ಪು ಸುಲ್ತಾನನು ಮಡಿದ ಸ್ಥಳವನ್ನೂ ಕಂಡು ಹಿಂದಿರುಗುವುದು ವಾಡಿಕೆ. ಅದೇ ಕೋಟೆಯೊಳಗೆ ಊಳಿಗದ ಹೆಣ್ಣೊಬ್ಬಳು ಕಾವ್ಯವನ್ನು ರಚಿಸಿದಳೆಂಬುದನ್ನು ನೆನೆಯುವವರು ವಿರಳ. ಆಕೆಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇರಿಸಲು ಇಚ್ಛಿಸುತ್ತೇವೆ.

ಹೊನ್ನಮ್ಮನ ಹುಟ್ಟೂರು ಎಳಂದೂರು. ಚಿಕ್ಕದೇವರಾಜ ಒಡೆಯರು 1673ರಿಂದ 1704ರ ವರೆಗೆ ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಆಕೆ ಅರಮನೆಯ ಸೇವೆಗೆ ಸೇರಿದಳು. ಎಲೆಯಡಿಕೆಯ ಸಂಚಿಯನ್ನು ಹಿಡಿದು ನಿಲ್ಲುವುದೇ ಆಕೆಯ ಕೆಲಸ. ಆ ಕೆಲಸವೇ ಆಕೆಯ ಹೆಸರೂ ಆಯಿತು. ತಿರುಮಲಾರ್ಯ, ಚಿಕುಪಾಧ್ಯಾಯರಂಥ ಪಂಡಿತರು ಮೆರೆದ ಆಸ್ಥಾನವದು. ಅಲ್ಲಿ ಊಳಿಗದವಳಿಗೆ ಓದಿನ ಹಕ್ಕೆಲ್ಲಿಯದು? ಆದರೂ ಅಳಸಿಂಗರಾರ್ಯರು ಆಕೆಗೆ ವಿದ್ಯೆಯನ್ನು ಹೇಳಿಕೊಟ್ಟರು. ದೊರೆಯ ಅಪ್ಪಣೆಯೂ ದೊರೆತ ಮೇಲೆ ಆಕೆ ಹದಿಬದೆಯ ಧರ್ಮವೆಂಬ ಕಾವ್ಯವನ್ನು ಹಾಡಲು ಸುಲಭವಾದ ಸಾಂಗತ್ಯದಲ್ಲಿ, ಒಂಬತ್ತು ಸಂಧಿಗಳಾಗಿ ಬರೆದಳು.

ಪತಿವ್ರತೆಯು ನಡೆಯಬೇಕಾದ ರೀತಿಯೇ ಅದರ ವಿಷಯ. ಅಂದಿನ ಸ್ತ್ರೀಯು ನಿರ್ಭಯವಾಗಿ ಬರೆಯಬಹುದಾಗಿದ್ದ ವಿಷಯವೂ ಬಹುಶಃ ಅದೊಂದೇ. ಆದರೆ ಆ ಇಕ್ಕಟ್ಟಾದ ಓಣಿಯಲ್ಲಿಯೇ ಆಕೆ ನಿಂತು ಒಂದು ಪ್ರಶ್ನೆಯನ್ನು ಕೇಳಿದಳು. ಹೆತ್ತವಳೂ ಹೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹೀಗಳೆಯುವುದೇಕೆ ಎಂದು ಆಕೆ ತರ್ಕಿಸಿ, ಹಾಗೆ ಹಳಿಯುವವರನ್ನು ಕಣ್ಣು ಕಾಣದವರೆಂದು ಜರೆದಳು. ವಿಧೇಯಳಾಗಿ ಬರೆಯತೊಡಗಿದವಳ ಲೇಖನಿಯಿಂದ ಈ ಮಾತು ಹೊರಟಿತೆಂಬುದು ನಮಗೆ ಸೋಜಿಗವನ್ನುಂಟುಮಾಡುತ್ತದೆ.

ಕೆಲಕಾಲದ ತರುವಾಯ, 1714ರಿಂದ 1732ರ ವರೆಗೆ ಆಳಿದ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆಯು, ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವರಾಯನನ್ನು ಕುರಿತು ವರನಂದೀ ಕಲ್ಯಾಣವನ್ನು ಬರೆದಳು. ಆಕೆ ರಾಣಿ, ಬಿಡುವೂ ಅನುಕೂಲವೂ ಅವಳ ಮನೆಯಲ್ಲಿಯೇ ಇದ್ದುವು. ಹೊನ್ನಮ್ಮನಿಗಾದರೋ ಗುರುವಿನ ಕರುಣೆಯೂ ಒಡೆಯನ ಅಪ್ಪಣೆಯೂ ಕೂಡಿಬರಬೇಕಾಯಿತು. ಅವು ಒದಗದೆ ಮೂಕರಾಗಿಯೇ ಮಡಿದ ಹೊನ್ನಮ್ಮಂದಿರು ಎಷ್ಟು ಮಂದಿಯೋ ದೇವರೇ ಬಲ್ಲನು.

ಇಂದು ಹೆಣ್ಣುಮಕ್ಕಳಿಗೆ ಶಾಲೆಗಳ ಬಾಗಿಲು ತೆರೆದಿದೆ. ಆದರೂ ಲಗ್ನ, ಮನೆವಾರ್ತೆ, ನೆರೆಹೊರೆಯವರ ಮಾತು ಎಂಬ ಕಾರಣಗಳಿಂದ ಬರೆಯುವ ಕೈಯೂ ವೃತ್ತಿಯನ್ನು ಹಿಡಿಯುವ ಕೈಯೂ ನಡುವೆಯೇ ನಿಂತುಹೋಗುವುದನ್ನು ನಾವು ಕಾಣುತ್ತಿದ್ದೇವೆ. ಒಡೆಯನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳಿನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಹೆಣ್ಣುಮಕ್ಕಳ ವಿಷಯದಲ್ಲಿ ಹೂಳುವ ಕೈ ಅನೇಕ ವೇಳೆ ಅವರದಾಗಿರುವುದಿಲ್ಲ, ಮನೆಯವರದಾಗಿರುತ್ತದೆ. ತಾಯಿತಂದೆಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ನಮ್ಮ ಸೋದರಿಯರಾದರೋ, ತಮಗೆ ದೊರೆತ ವಿದ್ಯೆಯನ್ನು ಯಾರ ಅಪ್ಪಣೆಗೂ ಕಾಯದೆ ಬೆಳಗಿಸಲೆಂದು ಹಾರೈಸುತ್ತೇವೆ.