ಶಾಸ್ತ್ರವನ್ನು ಬಿಟ್ಟರೂ ನೀತಿಯನ್ನು ಬಿಡದ ಕವಿ ನರ್ಮದರು

ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ಗಲ್ಲಾಪೆಟ್ಟಿಗೆಯ ಮೇಲಿನ ಶ್ರೀಕೃಷ್ಣನ ಪಟಕ್ಕೆ ಊದುಬತ್ತಿ ಹಚ್ಚದೆ ದಿನದ ಮೊದಲ ಕಾಸನ್ನು ಮುಟ್ಟುತ್ತಿರಲಿಲ್ಲ. ಆ ಪಟಕ್ಕೆ ನಿತ್ಯವೂ ಅಡ್ಡಬೀಳುತ್ತಿದ್ದ ನೌಕರನೊಬ್ಬನು ಅದೇ ಪೆಟ್ಟಿಗೆಯಿಂದ ಹಣ ತೆಗೆದು ಸಿಕ್ಕಿಬಿದ್ದನು. ಎಂದೂ ಕೈಮುಗಿಯದ ಮಾಣಿಯೊಬ್ಬನು ಗಿರಾಕಿಯೊಬ್ಬರು ಮೇಜಿನ ಮೇಲೆ ಮರೆತುಹೋದ ಹಣದ ಚೀಲವನ್ನು ಬಿಚ್ಚಿಯೂ ನೋಡದೆ ನಮ್ಮ ಕೈಗೆ ತಂದಿತ್ತನು. ಶ್ರದ್ಧೆಯಿಲ್ಲದವನಲ್ಲಿ ಈ ನೀತಿ ಎಲ್ಲಿಂದ ಬಂದಿತೆಂಬ ಪ್ರಶ್ನೆ ಅಂದಿನಿಂದಲೂ ನಮ್ಮನ್ನು ಕಾಡುತ್ತಿದೆ. ನಾವು ಅನ್ನ ಕಂಡುಕೊಂಡಿರುವ ಈ ಗುಜರಾತದಲ್ಲಿಯೇ ಆ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿ ಎದುರಿಸಿದ ಮಹನೀಯರೊಬ್ಬರಿದ್ದರು. ಅವರೇ ಕವಿ ನರ್ಮದರು. ಸೂರತ್ತಿನ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಧರಿಸಿದೆ. ಅವರ ಗೀತೆಯೊಂದು ಈ ರಾಜ್ಯದ ನಾಡಗೀತೆಯಾಗಿದೆ. ನಮ್ಮ ಮಕ್ಕಳು ಶಾಲೆಗಳಲ್ಲಿ ಅವರ ಹೆಸರನ್ನು ಕೇಳಿರುತ್ತಾರೆ. ಅವರ ಬಾಳನ್ನು ಬಲ್ಲ ನಮ್ಮವರು ವಿರಳ.

ನರ್ಮದಾಶಂಕರ ಲಾಲಶಂಕರ ದವೆಯವರು 1833ನೆಯ ಇಸವಿ ಆಗಸ್ಟ್ 24ರಂದು ಸೂರತ್ತಿನ ನಾಗರ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ತಂದೆಯವರು ಮುಂಬಯಿಯಲ್ಲಿ ಬರವಣಿಗೆಯ ವೃತ್ತಿಯಿಂದ ಜೀವಿಸುತ್ತಿದ್ದರು. ಬಾಲ್ಯದಲ್ಲಿಯೇ ವಿವಾಹವಾಯಿತು, ಆ ಪತ್ನಿಯು ಅಲ್ಪಾಯುಷ್ಯದಲ್ಲಿಯೇ ತೀರಿಕೊಂಡರು. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿದ ನರ್ಮದರು ತಾಪಿಯ ಆಚೆ ದಡದ ರಾಂದೇರಿನಲ್ಲಿಯೂ ತರುವಾಯ ಮುಂಬಯಿಯಲ್ಲಿಯೂ ಉಪಾಧ್ಯಾಯರಾಗಿದ್ದರು. 1856ರಲ್ಲಿ ಡಾಹೀಗೌರಿ ಎಂಬವರನ್ನು ವರಿಸಿದರು. 1858ರ ನವೆಂಬರ್ 23ರಂದು ನೌಕರಿಗೆ ರಾಜೀನಾಮೆಯಿತ್ತು, ಇನ್ನು ಲೇಖನಿಯ ಆಶ್ರಯದಲ್ಲಿಯೇ ಬಾಳುವುದೆಂದು ಪಣ ತೊಟ್ಟರು. ಹೋಟೆಲನ್ನು ಬಿಟ್ಟು ಪತ್ರಿಕೆಯನ್ನು ಕೈಗೆತ್ತಿಕೊಂಡ ನಮಗೆ ಆ ಪಣದ ಭಾರವು ಕೊಂಚಮಟ್ಟಿಗೆ ತಿಳಿದಿದೆ.

ಅಂದಿನ ಗುಜರಾತಿ ಸಮಾಜದಲ್ಲಿ ಎಳೆಯ ಹೆಣ್ಣುಮಕ್ಕಳು ವಿಧವೆಯರಾದರೆ ಅವರ ಬಾಳು ಅಲ್ಲಿಗೇ ಮುಗಿಯಿತೆಂದು ಎಣಿಸಲಾಗುತ್ತಿತ್ತು. ಮರುಮದುವೆಗೆ ಶಾಸ್ತ್ರದ ಒಪ್ಪಿಗೆಯಿಲ್ಲವೆಂಬುದೇ ಹಿರಿಯರ ವಾದ. 1856ರಲ್ಲಿ ಸರಕಾರವು ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟರೂ ಜಾತಿಯ ಪಂಚರು ಕೊಡಲಿಲ್ಲ. ನರ್ಮದರು ಈ ಪ್ರಶ್ನೆಯನ್ನೆತ್ತಿ, ವೈಷ್ಣವ ಸಂಪ್ರದಾಯದ ಧರ್ಮಗುರುಗಳಾದ ಜದುನಾಥಜೀ ಮಹಾರಾಜರನ್ನು ಬಹಿರಂಗ ಚರ್ಚೆಗೆ ಆಹ್ವಾನಿಸಿದರು. 1860ರ ಆಗಸ್ಟ್ 21ರಂದು ಮುಂಬಯಿಯಲ್ಲಿ ಸಭೆ ಸೇರಿತು.

ಚರ್ಚೆಯು ವಿಧವೆಯರ ವಿಚಾರಕ್ಕೆ ಬರುವ ಮೊದಲೇ ಬುಡದ ಪ್ರಶ್ನೆಯೊಂದು ಎದುರಾಯಿತು. ಶಾಸ್ತ್ರಗಳು ಈಶ್ವರಕೃತವೆಂಬುದನ್ನು ತಾವು ಒಪ್ಪುವಿರೋ ಇಲ್ಲವೋ ಎಂದು ಮಹಾರಾಜರು ಕೇಳಿದರು. ಇಪ್ಪತ್ತಾರು ವರ್ಷದ ಕವಿಯು ತಾನು ಒಪ್ಪುವುದಿಲ್ಲವೆಂದು ತುಂಬಿದ ಸಭೆಯಲ್ಲಿ ನುಡಿದರು. ಹಾಗಾದರೆ ಯಾವ ಪ್ರಮಾಣವನ್ನಿಟ್ಟುಕೊಂಡು ವಾದಿಸುವುದೆಂದು ಎದುರು ಪಕ್ಷವು ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿತು. ಶಾಸ್ತ್ರವನ್ನೊಪ್ಪದವನಿಗೆ ನೀತಿಯ ಮಾತಾಡುವ ಅಧಿಕಾರವೇ ಇಲ್ಲವೆಂಬುದು ಇದರ ಅರ್ಥ. ನರ್ಮದರು ದೇವರಿಲ್ಲವೆಂದು ಸಾರಿದವರಲ್ಲ. ಆದರೆ ಒಂದು ಕಾರ್ಯವು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಮನುಷ್ಯನ ವಿವೇಕವೂ ಕರುಣೆಯೂ ಸಾಕೆಂಬುದು ಅವರ ಅಂದಿನ ನಿಲುವಾಗಿತ್ತು.

ಈ ಕಿಡಿಯು ಅಲ್ಲಿಗೇ ಆರಲಿಲ್ಲ. ಅವರ ಮಿತ್ರರಾದ ಕರಸನದಾಸ ಮೂಲಜಿಯವರು ತಮ್ಮ ಸತ್ಯಪ್ರಕಾಶ ಪತ್ರಿಕೆಯಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆಲವು ಮಹಾರಾಜರ ನಡತೆಯನ್ನು ಖಂಡಿಸಿ ಬರೆದರು. ಜದುನಾಥಜೀಯವರು 50,000 ರೂಪಾಯಿಗಳ ಮಾನನಷ್ಟ ಮೊಕದ್ದಮೆ ಹೂಡಿದರು. 1862ರ ಏಪ್ರಿಲಿನಲ್ಲಿ ಕರಸನದಾಸರಿಗೆ ಜಯವಾಯಿತು. ನೀತಿಗೆ ವಿರುದ್ಧವಾದುದು ಮತಶಾಸ್ತ್ರದ ಬಲದಿಂದ ಸರಿಯೆನಿಸಲಾರದೆಂಬ ತತ್ವವನ್ನು ನ್ಯಾಯಮೂರ್ತಿ ಜೋಸೆಫ್ ಆರ್ನೂಲ್ಡರು ತಮ್ಮ ತೀರ್ಪಿನಲ್ಲಿ ಒತ್ತಿ ಹೇಳಿದರು.

1864ರಲ್ಲಿ ನರ್ಮದರು ದಾಂಡಿಯೋ ಎಂಬ ಪಾಕ್ಷಿಕವನ್ನು ಆರಂಭಿಸಿದರು. ಕೋಲು ಬಡಿದು ಊರನ್ನೆಚ್ಚರಿಸುವ ರಾತ್ರಿಯ ಕಾವಲುಗಾರನಂತೆ ಅದು ಐದು ವರ್ಷ ಸಮಾಜವನ್ನು ಎಚ್ಚರಿಸಿತು. ಅವರು ಬರೆದು ಸುಮ್ಮನಾಗಲಿಲ್ಲ. ಸವಿತಾಗೌರಿ ಎಂಬ ವಿಧವೆಗೆ ಆಶ್ರಯವಿತ್ತು ಸ್ವಜಾತಿಯ ಕೋಪಕ್ಕೆ ಗುರಿಯಾದರು. 1869ರಲ್ಲಿ ನರ್ಮದಾಗೌರಿ ಎಂಬ ವಿಧವೆಯನ್ನು ತಾವೇ ವಿವಾಹವಾದರು. ನಮ್ಮ ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರು ವಿಧವೆಯ ಮರುಮದುವೆಯನ್ನು ಇಂದಿರಾಬಾಯಿ ಕಾದಂಬರಿಯಲ್ಲಿ ಚಿತ್ರಿಸಿದ್ದು 1899ರಲ್ಲಿ ಎಂಬುದನ್ನು ನೆನೆದರೆ, ಈ ಸಾಹಸವು ಎಷ್ಟು ಮುಂಚಿನದೆಂಬುದು ವಾಚಕರಿಗೆ ಮನವರಿಕೆಯಾದೀತು.

ಆದರೆ ಸತ್ಯವನ್ನು ಮರೆಮಾಚಿ ಚರಿತ್ರೆ ಬರೆಯುವುದು ನಮ್ಮ ಉದ್ದೇಶವಲ್ಲ. ಆ ವಿವಾಹದ ಕಾಲಕ್ಕೆ ಡಾಹೀಗೌರಿಯವರು ಅದೇ ಮನೆಯಲ್ಲಿ ಪತ್ನಿಯಾಗಿದ್ದರು. ಒಬ್ಬ ಹೆಣ್ಣಿನ ಕಣ್ಣೀರೊರೆಸಲು ಹೋದವರು ಮತ್ತೊಬ್ಬ ಹೆಣ್ಣಿನ ಪಾಲಿನ ಬಾಳನ್ನು ಹಂಚಿಕೊಟ್ಟರು. ಶಾಸ್ತ್ರವನ್ನು ನಂಬಿದ ಹಿರಿಯರು ವಿಧವೆಯ ನೋವನ್ನು ಕಾಣದೆ ಹೋದಂತೆ, ವಿವೇಕವನ್ನು ನಂಬಿದ ಕವಿಯು ತನ್ನ ಮನೆಯೊಳಗಿನ ನೋವಿಗೆ ತಕ್ಕ ಬೆಲೆ ಕೊಡಲಿಲ್ಲವೆಂದೇ ನಮಗೆ ತೋರುತ್ತದೆ.

ಅಹಮದಾಬಾದಿನ ಕವಿ ದಲಪತರಾಮರು ನರ್ಮದರ ಸಮಕಾಲೀನರು. ಸ್ವಾಮಿನಾರಾಯಣ ಸಂಪ್ರದಾಯದ ನಿಷ್ಠಾವಂತ ಭಕ್ತರು. ಸುಧಾರಣೆಯು ಮೆಲ್ಲಮೆಲ್ಲನೆ ಬರಬೇಕೆಂಬುದು ಅವರ ಮತ. ಅವರೂ ವೇನಚರಿತ್ರವೆಂಬ ಕಾವ್ಯವನ್ನು ಬರೆದು ವಿಧವಾ ವಿವಾಹವನ್ನು ಸಮರ್ಥಿಸಿದರು. ಒಬ್ಬರು ಭಕ್ತಿಯ ಹಾದಿಯಿಂದ, ಮತ್ತೊಬ್ಬರು ವಿಚಾರದ ಹಾದಿಯಿಂದ ನಡೆದು ನೊಂದ ಹೆಣ್ಣಿನ ಮನೆಯ ಬಾಗಿಲಿಗೇ ಬಂದು ಸೇರಿದರು.

ನರ್ಮದರ ಕೊನೆಯ ವರ್ಷಗಳು ಕಷ್ಟದಲ್ಲಿ ಕಳೆದವು. ನರ್ಮಕೋಶವೆಂಬ ಗುಜರಾತಿ ನಿಘಂಟನ್ನು ಏಕಾಂಗಿಯಾಗಿ ರಚಿಸಿ 1873ರಲ್ಲಿ ಹೊರತಂದರು; ಸಾಲ ಮಾತ್ರ ತೀರಲಿಲ್ಲ. 1882ರಲ್ಲಿ ಹಳೆಯ ಪಣವನ್ನು ಮುರಿದು ಮುಂಬಯಿಯ ಗೋಕುಲದಾಸ ತೇಜಪಾಲ ಧರ್ಮಸಂಸ್ಥೆಯಲ್ಲಿ ನೌಕರಿಗೆ ಸೇರಬೇಕಾಯಿತು. ಅವರ ವಿಚಾರಗಳೂ ಬದಲಾಗಿದ್ದವು. ಒಮ್ಮೆ ಶಾಸ್ತ್ರವನ್ನು ಅಲ್ಲಗಳೆದವರು ಪುನಃ ಆರ್ಯಧರ್ಮದ ಕಡೆಗೆ ತಿರುಗಿ, ತಮ್ಮ ಹಿಂದಿನ ಸುಧಾರಣಾವಾದವನ್ನು ತಾವೇ ಪ್ರಶ್ನಿಸಿ, 1885ರಲ್ಲಿ ಧರ್ಮವಿಚಾರವೆಂಬ ಗ್ರಂಥವನ್ನು ಪ್ರಕಟಿಸಿದರು. ಮಿತ್ರರು ಬೆರಗಾದರು, ವಿರೋಧಿಗಳು ಹಿಗ್ಗಿದರು. 1886ರ ಫೆಬ್ರವರಿ 26ರಂದು, ಐವತ್ತೆರಡರ ಪ್ರಾಯದಲ್ಲಿ, ಮುಂಬಯಿಯಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಆಸ್ತಿಕರು ಅವರ ಉತ್ತರಾರ್ಧವನ್ನೂ ವಿಚಾರವಾದಿಗಳು ಪೂರ್ವಾರ್ಧವನ್ನೂ ತಮ್ಮದೆನ್ನುತ್ತಾರೆ. ನಮಗೆ ಮುಖ್ಯವೆನಿಸುವುದು ಬೇರೆ. ಶ್ರದ್ಧೆ ಹೋದ ಕಾಲದಲ್ಲಿ ಅವರು ಸ್ವೇಚ್ಛಾಚಾರಿಯಾಗಲಿಲ್ಲ. ಬದಲು ಪರರ ದುಃಖಕ್ಕಾಗಿ ತಮ್ಮ ಹಣವನ್ನೂ ಜಾತಿಯ ಆಸರೆಯನ್ನೂ ತೆತ್ತರು. ಶ್ರದ್ಧೆ ಮರಳಿದ ಕಾಲದಲ್ಲಿ ಅದನ್ನು ಬಚ್ಚಿಡದೆ, ನಗೆಪಾಟಲಾದರೂ ಆಗಲೆಂದು, ಕಂಡ ಸತ್ಯವನ್ನು ಬರೆದರು. ಪ್ರಾಮಾಣಿಕತೆಯು ಎರಡು ಕಾಲಕ್ಕೂ ಒಂದೇ ಆಗಿತ್ತು. ಡಾಹೀಗೌರಿಯವರ ವಿಷಯದಲ್ಲಾದ ತಪ್ಪನ್ನು ಶಾಸ್ತ್ರದ ನಿರಾಕರಣೆಯೂ ತಡೆಯಲಿಲ್ಲ, ಶಾಸ್ತ್ರದ ಅಂಗೀಕಾರವೂ ಅಳಿಸಲಿಲ್ಲ.

ನಮ್ಮ ಪಾಲಿಗೆ ಊದುಬತ್ತಿಯು ಇಂದಿಗೂ ತಪ್ಪಿಲ್ಲ. ತಪ್ಪಿಸುವ ಬಯಕೆಯೂ ಇಲ್ಲ. ಆದರೆ ನೌಕರನನ್ನಾಗಲಿ, ನೆರೆಯವನನ್ನಾಗಲಿ, ಅಳಿಯನನ್ನಾಗಲಿ ಆರಿಸುವಾಗ ಅವನು ಯಾವ ದೇವರಿಗೆ ಕೈಮುಗಿಯುತ್ತಾನೆಂದು ವಿಚಾರಿಸುವುದನ್ನು ಬಿಟ್ಟಿದ್ದೇವೆ. ಮರೆತುಹೋದ ಹಣದ ಚೀಲವು ಕೈಗೆ ಸಿಕ್ಕಾಗ ಅವನೇನು ಮಾಡುತ್ತಾನೆಂಬುದನ್ನು ಮಾತ್ರ ನೋಡುತ್ತೇವೆ.