ಕಾಫಿ ತಳಿ ಸಂಶೋಧನೆಗೆ ಬುನಾದಿ ಹಾಕಿದ ಡಾ. ಕೋಲ್ಮನ್

ಮುಂಗಾರು ಹಿಡಿಯುವ ಮುನ್ನ ಮೈಲುತುತ್ತ, ಸುಣ್ಣ ಕದಡಿ ಕಾಫಿ ಗಿಡಕ್ಕೂ ಅಡಿಕೆ ಗೊನೆಗೂ ಬೋರ್ಡೋ ದ್ರಾವಣ ಹೊಡೆಯುವುದು ನಿಮಗೆ ರೂಢಿಯಾದ ಕೆಲಸ. ಅದನ್ನು ಈ ಸೀಮೆಯ ರೈತರಿಗೆ ಕಲಿಸಿಕೊಟ್ಟವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್. ನಿಮ್ಮ ತೋಟದಲ್ಲಿ ಎಸ್.795 ಅರಾಬಿಕಾ ಇದ್ದರೆ ಅದರ ಮೂಲವೂ ಅವರು ಕಟ್ಟಿದ ಸಂಸ್ಥೆಯಲ್ಲೇ ಇದೆ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೋದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಅವರ ನೇಮಕವಾಗಿತ್ತು. ಆಗ ಮಲೆನಾಡಿನ ಅಡಿಕೆಗೆ ಕೊಳೆರೋಗ ದೊಡ್ಡ ಪೀಡೆ. ಪ್ರತಿ ಗೊನೆಗೂ ಕೊಟ್ಟೆ ಕಟ್ಟುವುದು ಬಿಟ್ಟರೆ ರೈತನಿಗೆ ಬೇರೆ ಉಪಾಯವಿರಲಿಲ್ಲ. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕೋಲ್ಮನ್ ಗುರುತಿಸಿದರು. ಮಳೆಗೆ ತೊಳೆದುಹೋಗದಂತೆ ಅಂಟು ಬೆರೆಸಿದ ಬೋರ್ಡೋ ದ್ರಾವಣವನ್ನು ತೋಟಗಳಲ್ಲೇ ಸಿಂಪಡಿಸಿ ತೋರಿಸಿದರು. ಜೋಳದ ಹೊಲ ಮುಕ್ಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಬಗ್ಗೆಯೂ ಅವರು ಕೆಲಸ ಮಾಡಿದರು. ಆ ಮಿಡತೆಯ ಶಾಸ್ತ್ರೀಯ ಹೆಸರು ಕೋಲ್ಮೇನಿಯಾ. ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ಸಕ್ಕರೆ ಕಾರ್ಖಾನೆ ಇವುಗಳ ಹಿಂದೆಯೂ ಅವರ ಶ್ರಮವಿತ್ತು.

ಕಾಫಿಯ ಕಥೆಗೆ ಬನ್ನಿ. ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ. ಆದರೆ ಎಲೆತುಕ್ಕು ರೋಗಕ್ಕೆ ಗಡಿ ಎಲ್ಲಿಯದು? ಮೊದಲಿದ್ದ ಚಿಕ್ಸ್ ಎಂಬ ತಳಿ ಕೈಕೊಟ್ಟ ಮೇಲೆ ಕೊಡಗಿನ ಹೆಸರನ್ನೇ ಹೊತ್ತ ಕೂರ್ಗ್ ತಳಿ ಬಂತು. ಅದೂ ತುಕ್ಕಿಗೆ ತುತ್ತಾಯಿತು. ಬಳಿಕ ಮೈಸೂರು ಸೀಮೆಯ ತೋಟಗಾರ ಕೆಂಟ್ ಅವರು ಆರಿಸಿದ ಕೆಂಟ್ಸ್ ತಳಿ ಹರಡಿತು. ಕೆಲವು ಕಾಲದ ನಂತರ ಅದಕ್ಕೂ ತುಕ್ಕು ಹತ್ತಿತು. ತೋಟಗಾರ ಒಂದು ತಲೆಮಾರು ದುಡಿದು ಬೆಳೆಸಿದ್ದನ್ನು ರೋಗ ಕೆಲವೇ ಮಳೆಗಾಲಗಳಲ್ಲಿ ಬರಿದು ಮಾಡುತ್ತಿತ್ತು.

ಇದಕ್ಕೆ ನಿರಂತರವಾದ ಸಂಶೋಧನೆಯೇ ದಾರಿ. 1925ರಲ್ಲಿ ಕೋಲ್ಮನ್ ಅವರ ನೇತೃತ್ವದಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ತುಕ್ಕು ರೋಗದ ಶಿಲೀಂಧ್ರದಲ್ಲೇ ಹಲವು ಪಂಗಡಗಳಿವೆ ಎಂಬುದನ್ನು 1930ರ ದಶಕದಲ್ಲಿ ಅಲ್ಲಿ ಮೇನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ತಡೆಯುವ ತಳಿಯೂ ಕಾಲಾಂತರದಲ್ಲಿ ಸೋಲುವುದೇಕೆಂದು ಆಗ ತಿಳಿಯಿತು. ಅರಾಬಿಕಾ ಮತ್ತು ಲೈಬೀರಿಕಾ ತಾವಾಗಿ ಬೆರೆತು ಹುಟ್ಟಿದ ಗಿಡದ ಸಂತತಿಯಿಂದ ಎಸ್.288 ಬಂತು. ಅದನ್ನು ಕೆಂಟ್ಸ್‌ನೊಡನೆ ಬೆರೆಸಿ ಪಡೆದದ್ದೇ ಎಸ್.795. ಅದು ರೈತರ ಕೈಸೇರಿದ್ದು 1940ರ ದಶಕದ ನಡುವೆ. ಅಷ್ಟರಲ್ಲಿ, 1934ರಲ್ಲೇ, ಕೋಲ್ಮನ್ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ್ದರು. 1944ರಲ್ಲಿ ಕೇಂದ್ರವನ್ನು ಕಾಫಿ ಮಂಡಳಿ ವಹಿಸಿಕೊಂಡಿತು. 1946ರಲ್ಲಿ ನಮ್ಮ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಆರಂಭವಾಯಿತು. ಎಸ್.795 ಕೂಡ ಮುಂದೆ ತುಕ್ಕಿನ ಹೊಸ ಪಂಗಡಗಳನ್ನು ಪೂರ್ತಿ ತಡೆಯಲಾರದಾಯಿತು.

ನಿವೃತ್ತಿಯ ನಂತರವೂ ಕೋಲ್ಮನ್ ಸುಮ್ಮನೆ ಕೂರಲಿಲ್ಲ. ಜೀವಕೋಶದಲ್ಲಿರುವ ವರ್ಣತಂತುಗಳ ರಚನೆಯನ್ನು ಅಭ್ಯಸಿಸಿದರು. ಮಿಡತೆಯ ವರ್ಣತಂತುಗಳ ಬಗ್ಗೆಯೂ ಬರೆದರು. 1954ರಲ್ಲಿ ತೀರಿಕೊಂಡರು.

ಅವರ ಕಾಲದಲ್ಲಿ ಒಂದು ಕಾಫಿ ಗಿಡದ ಯೋಗ್ಯತೆ ತಿಳಿಯಲು ಸಸಿ ನೆಟ್ಟು ಮೂರು ನಾಲ್ಕು ವರ್ಷ ಕಾದು, ಆಮೇಲೆ ಹಲವು ಫಸಲುಗಳನ್ನು ತೂಗಿ ನೋಡಬೇಕಿತ್ತು. ಈಗ ಇನ್ನೊಂದು ದಾರಿ ತೆರೆದಿದೆ. ಫಸಲಿನ ಲೆಕ್ಕವಿರುವ ನೂರಾರು ಗಿಡಗಳ ಎಲೆ ತಂದು, ವರ್ಣತಂತುಗಳಲ್ಲಿರುವ ಡಿಎನ್ಎಯ ಸಾವಿರಾರು ಗುರುತುಗಳನ್ನು ಓದುತ್ತಾರೆ. ಯಾವ ಗುರುತಿಗೆ ಎಷ್ಟು ಬೆಲೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ ಸಸಿಮಡಿಯ ಗಿಡದ ಒಂದು ಎಲೆ ಸಿಕ್ಕರೆ ಸಾಕು, ಅದು ಸಂತತಿಗೆ ಕೊಡಬಲ್ಲ ಗುಣವನ್ನು, ಅಂದರೆ ತಳಿಮೌಲ್ಯವನ್ನು, ಅಂದಾಜು ಮಾಡಬಹುದು. ಹೈನುರಾಸುಗಳಲ್ಲಿ ಈ ವಿಧಾನ ಆಗಲೇ ಬಳಕೆಗೆ ಬಂದಿದೆ. ನಮ್ಮ ದೇಶದ ದನಗಳಿಗೆಂದೇ ಸಿದ್ಧವಾದ ಗೌ ಚಿಪ್ 2024ರಲ್ಲಿ ಬಿಡುಗಡೆಯಾಯಿತು. ರೊಬಸ್ಟಾ ಕಾಫಿಯಲ್ಲಿ ಬ್ರೆಜಿಲ್ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಲೈಬೀರಿಕಾದಿಂದ ಎಸ್.288ಕ್ಕೆ ಬಂದ ತುಕ್ಕುನಿರೋಧಕ ವಂಶವಾಹಿಯನ್ನು ಸಸಿಯಲ್ಲೇ ಪತ್ತೆಹಚ್ಚುವ ಗುರುತುಗಳೂ ದೊರೆತಿವೆ.

ಆದರೆ ಒಂದು ಮಾತು ನೆನಪಿಡಿ. ತೋಟದ ಲೆಕ್ಕ ಸುಳ್ಳಾದರೆ ಕಂಪ್ಯೂಟರಿನ ಲೆಕ್ಕವೂ ಸುಳ್ಳು. ತುಕ್ಕಿನ ಪಂಗಡ ಬದಲಾದರೆ ಹಳೆಯ ಅಂದಾಜು ಸಾಲದು, ಮತ್ತೆ ತೋಟದಲ್ಲಿ ನೋಡಲೇಬೇಕು. ಕಾಫಿ ಒಂದು ವರ್ಷ ಹೆಚ್ಚು ಕೊಟ್ಟು ಮರುವರ್ಷ ಕಡಿಮೆ ಕೊಡುವ ಬೆಳೆ; ಒಂದೇ ಫಸಲು ಕಂಡು ತಾಯಿಗಿಡ ಆರಿಸಬೇಡಿ. ಒಳ್ಳೆಯ ಗಿಡಗಳಿಗೆ ಗುರುತು ಕಟ್ಟಿ, ಕನಿಷ್ಠ ನಾಲ್ಕು ವರ್ಷದ ಹಣ್ಣಿನ ತೂಕ ಬರೆದಿಡಿ. ರೊಬಸ್ಟಾ ಪರಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಬೀಜದ ಸಸಿ ತಾಯಿಯಂತೆಯೇ ಇರುತ್ತದೆಂಬ ನಂಬಿಕೆ ಬೇಡ. ಕಡ್ಡಿ ನೆಟ್ಟು ಅಥವಾ ಕಸಿ ಕಟ್ಟಿ ಬೆಳೆಸಿ. ಇಂದು ನೆಟ್ಟ ಗಿಡದ ಫಸಲನ್ನು ನಿಮ್ಮ ಮಕ್ಕಳೂ ಕೊಯ್ಯಬೇಕಲ್ಲವೇ?