ಪಟ್ಟದಕಲ್ಲಿನ ಅಕ್ಕ–ತಂಗಿ: ರಾಣಿ ಲೋಕಮಹಾದೇವಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಇತಿಹಾಸದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆದುಕೊಡಿ ಎಂದು ಸಮಿತಿಯ ಮಿತ್ರರು ಕೇಳಿದರು. ಕಿತ್ತೂರು ಚೆನ್ನಮ್ಮ, ಕೆಳದಿ ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಇವರನ್ನೆಲ್ಲ ನಮ್ಮ ಮಕ್ಕಳು ಪ್ರತಿ ವರ್ಷ ಗ್ಯಾದರಿಂಗಿನಲ್ಲಿ ವೇಷ ಹಾಕಿ ತೋರಿಸುತ್ತಾರೆ. ಕತ್ತಿ ಹಿಡಿಯದ ರಾಣಿಗೆ ವೇಷ ಹಾಕುವವರಿಲ್ಲ. ಆದ್ದರಿಂದ ನಾನು ಆರಿಸಿಕೊಂಡದ್ದು ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿಯನ್ನು.

ಅವಳು ಹುಟ್ಟಿದ್ದು ಹೈಹಯ ವಂಶದಲ್ಲಿ. ಕಳಚುರಿಗಳೆಂದು ನಾವು ಪಾಠದಲ್ಲಿ ಓದಿದ ಮನೆತನವೇ ಅದು. ಅವಳ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ಅರಸನ ಕೈ ಹಿಡಿದಳು. ಅಕ್ಕ–ತಂಗಿಯರನ್ನು ಒಂದೇ ಮನೆಗೆ ಕೊಡುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಒಬ್ಬನಿಗೇ ಕೊಟ್ಟದ್ದನ್ನು ಕೂಡ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಅಂಥ ಮನೆಯಲ್ಲಿ ಪ್ರೀತಿಯೂ ಇರುತ್ತದೆ, ನುಂಗಿಕೊಂಡ ಮಾತೂ ಇರುತ್ತದೆ.

ಅವಳು ಸೇರಿದ ಮನೆ ಸಣ್ಣದಲ್ಲ. ಮಾವ ವಿಜಯಾದಿತ್ಯ 696ರಿಂದ 733ರವರೆಗೆ, ಮೂವತ್ತೇಳು ವರ್ಷ ಆಳಿದವನು. ಪಟ್ಟದಕಲ್ಲಿನಲ್ಲಿ ಇಂದು ಸಂಗಮೇಶ್ವರ ಎನ್ನುವ ಗುಡಿಯನ್ನು ತನ್ನ ಹೆಸರಿನಲ್ಲಿ ವಿಜಯೇಶ್ವರ ಎಂದು ಕಟ್ಟಿಸಿದವನೂ ಅವನೇ. ಅವನ ತಾಯಿ ವಿನಯವತಿ 699ರಲ್ಲಿ ಬಾದಾಮಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠೆ ಮಾಡಿಸಿದಳು. ಅವನ ತಂಗಿ ಕುಂಕುಮಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಈಗಿನ ಲಕ್ಷ್ಮೇಶ್ವರದಲ್ಲಿ, ಜೈನ ಬಸದಿ ಕಟ್ಟಿಸಿದಳು. ಹೆಂಗಸರು ತಮ್ಮ ಹೆಸರಿನಲ್ಲೇ ಕಟ್ಟಿಸುವುದು, ದಾನ ಕೊಡುವುದು ಆ ಮನೆಯಲ್ಲಿ ರೂಢಿಯಾಗಿತ್ತು. ಸೊಸೆ ಅದನ್ನು ಕಂಡೇ ಬಂದಳು.

ಅತ್ತ ಗಂಡನ ತಲೆಯಲ್ಲಿ ಇದ್ದದ್ದು ಕಂಚಿ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದಿದ್ದ. ಇಮ್ಮಡಿ ಪುಲಿಕೇಶಿಯ ಕಾಲ ಮುಗಿದದ್ದೂ ಆಗಲೇ. ಆ ಗಾಯ ತೊಂಬತ್ತು ವರ್ಷವಾದರೂ ಮಾಗಿರಲಿಲ್ಲ. ವಿಕ್ರಮಾದಿತ್ಯ ಯುವರಾಜನಿದ್ದಾಗ ಒಮ್ಮೆ, ಪಟ್ಟಕ್ಕೆ ಬಂದ ಮೇಲೆ ಮತ್ತೊಮ್ಮೆ, ಕೊನೆಗೆ ಮಗ ಕೀರ್ತಿವರ್ಮನನ್ನು ಕಳಿಸಿ ಮಗದೊಮ್ಮೆ, ಹೀಗೆ ಮೂರು ಸಲ ಕಂಚಿಯ ಮೇಲೆ ಗೆಲುವು ಪಡೆದ. ನನಗೆ ಅವನಲ್ಲಿ ಹಿಡಿಸುವುದು ಗೆದ್ದ ಮೇಲಿನ ನಡತೆ. ಊರನ್ನು ಹಾಳು ಮಾಡಲಿಲ್ಲ. ರಾಜಸಿಂಹೇಶ್ವರ ಗುಡಿಯ, ಎಂದರೆ ಇಂದಿನ ಕೈಲಾಸನಾಥ ಗುಡಿಯ, ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಕಂಚಿಯ ಆ ಗುಡಿಯ ಕಂಬದಲ್ಲೇ ಕನ್ನಡದಲ್ಲಿ ಕೊರೆಸಿದ್ದಾರೆ. ತಮಿಳು ನಾಡಿನ ನಡುವೆ ನಿಂತ ಕನ್ನಡದ ಬರಹ ಅದು.

ಈ ಗೆಲುವಿನ ನೆನಪಿಗೆ ಮಲಪ್ರಭೆಯ ದಂಡೆಯಲ್ಲಿ ಲೋಕಮಹಾದೇವಿ ಗುಡಿ ಕಟ್ಟಿಸಿದಳು. ದೇವರಿಗೆ ಲೋಕೇಶ್ವರನೆಂದು ತನ್ನ ಹೆಸರನ್ನೇ ಇಟ್ಟಳು. ಇಂದು ನಾವು ವಿರೂಪಾಕ್ಷ ಗುಡಿ ಎನ್ನುವುದು ಅದನ್ನೇ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿ. ಅವನಿಗೆ ಪಟ್ಟ ಕಟ್ಟಿ, ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟ ಸಂಗತಿಯನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೆಸರೂ ಅಲ್ಲಿದೆ. ದುಡಿದವನ ಹೆಸರು ಉಳಿಯಬೇಕೆಂದು ಕಟ್ಟಿಸಿದವರಿಗೆ ಅನ್ನಿಸುವುದು ಅಪರೂಪ. ನಮ್ಮ ಶಾಲೆಯ ಮೊದಲ ಮೂರು ಕೋಣೆಗಳ ಗೋಡೆ ಎತ್ತಿದ ಗೌಂಡಿಗಳು ಯಾರೆಂದು ಕೇಳಿ ನೋಡಿ. ಉದ್ಘಾಟನೆ ಮಾಡಿದವರ ಹೆಸರು ಮಾತ್ರ ಕಲ್ಲಿನಲ್ಲಿದೆ.

ರಾಣಿಯ ಇನ್ನೊಂದು ಕೆಲಸವೂ ಶಾಸನದಲ್ಲಿದೆ. ಮಾವ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಹಕ್ಕು, ಕಟ್ಟುಪಾಡುಗಳನ್ನು ಅವಳು ಮತ್ತೆ ಸ್ಥಿರಪಡಿಸಿದಳು. ಅರಸು ಬದಲಾದಾಗ ಮೊದಲು ಹೊಟ್ಟೆಗೆ ಏಟು ಬೀಳುವುದು ಇಂಥವರಿಗೇ. ನನ್ನ ಮಟ್ಟಿಗೆ ಈ ಒಂದು ಸಾಲು ಆ ದೊಡ್ಡ ಶಿಖರಕ್ಕಿಂತ ಕಡಿಮೆಯದಲ್ಲ.

ತಂಗಿ ಪಕ್ಕದಲ್ಲೇ ತ್ರೈಲೋಕ್ಯೇಶ್ವರ ಕಟ್ಟಿಸಿದಳು. ಈಗಿನ ಮಲ್ಲಿಕಾರ್ಜುನ ಗುಡಿ ಅದು. ರೂಪ ಒಂದೇ, ಅಳತೆ ಸ್ವಲ್ಪ ಸಣ್ಣದು. ಆದರೆ ಅರಸನ ನಂತರ ಸಿಂಹಾಸನವೇರಿದ ಇಮ್ಮಡಿ ಕೀರ್ತಿವರ್ಮ ತಂಗಿಯ ಮಗ. ಪಟ್ಟದರಸಿಯ ಗುಡಿ ದೊಡ್ಡದು, ರಾಜ್ಯ ತಂಗಿಯ ಮಗನಿಗೆ. ಎರಡೂ ಗುಡಿಗಳ ನಡುವೆ ನಿಂತಾಗಲೆಲ್ಲ ನನಗೆ ಅರಮನೆಯ ಒಳಗಿನ ದಿನಗಳ ಯೋಚನೆ ಬರುತ್ತದೆ. ಆದರೂ ಅಕ್ಕ–ತಂಗಿಯರ ಹೆಸರು ಒಂದೇ ಶಾಸನದಲ್ಲಿ, ಒಡಹುಟ್ಟಿದವರೆಂದೇ ಬಂದಿವೆ.

ಲಿಂಗಸುಗೂರು, ಹುನಗುಂದದ ಮೇಲೆ ಹಾಯ್ದು ನಮ್ಮ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗ ಎಂಟನೇ ಇಯತ್ತೆಯ ಒಬ್ಬ ಹುಡುಗಿ, ಸರ್, ಈಕೆಯ ಅಪ್ಪನ ಹೆಸರೇನು ಎಂದು ಕೇಳಿದಳು. ಅಲ್ಲಿನ ಕಲ್ಲುಗಳು ಕುಲ ಹೇಳುತ್ತವೆ, ಗಂಡನನ್ನು ಹೇಳುತ್ತವೆ, ಮೊದಲು ಅವಳನ್ನು ಹೇಳುತ್ತವೆ ಎಂದೆ. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿಲ್ಲದೆ ಹುಡುಗಿಯ ಹೆಸರು ಬರೆದು ರೂಢಿಯಿಲ್ಲದ ನನಗೂ ಅದು ಹೊಸದಾಗಿ ಕಂಡಿತು. ಹತ್ತಿ ಬಿಡಿಸುವ ಸುಗ್ಗಿ ಬಂದರೆ ಆ ಪುಸ್ತಕದಲ್ಲಿ ಹುಡುಗಿಯರ ಸಾಲಿಗೆ ಗೈರುಹಾಜರಿಯೇ ಹೆಚ್ಚು. ಆ ವರ್ಷವೂ ಹಾಗೇ ಆಯಿತು. ಆ ಹುಡುಗಿ ಮಾತ್ರ ಪರೀಕ್ಷೆಗೆ ಮರಳಿ ಬಂದಳು.

ರಾಣಿ ಕಟ್ಟಿದ ವೈಭವ ಬಹಳ ಕಾಲ ನಡೆಯಲಿಲ್ಲ. 744ರ ಹೊತ್ತಿಗೆ ವಿಕ್ರಮಾದಿತ್ಯನ ಕಾಲ ಮುಗಿಯಿತು. ಸುಮಾರು 753ಕ್ಕೆ ರಾಷ್ಟ್ರಕೂಟ ದಂತಿದುರ್ಗ ಕೀರ್ತಿವರ್ಮನನ್ನು ಸೋಲಿಸಿದ. ರಾಜ್ಯ ಕೈಜಾರುತ್ತಿದ್ದ ಆ ಹೊತ್ತಿನಲ್ಲೇ, 754ರ ಸೂರ್ಯಗ್ರಹಣದ ದಿನ, ಗಂಗೆಯ ಉತ್ತರ ದಂಡೆಯ ಕಡೆಯಿಂದ ಬಂದ ಜ್ಞಾನಶಿವಾಚಾರ್ಯರು ಈ ಎರಡು ಗುಡಿಗಳ ಬಳಿ ಒಂದು ಕಂಬ ನಿಲ್ಲಿಸಿದರು. ಅಕ್ಕ–ತಂಗಿಯರ ವಿಷಯ ನಮಗೆ ಸ್ಪಷ್ಟವಾಗಿ ದೊರೆಯುವುದು ಆ ಕಂಬದಿಂದಲೇ. ಒಂದೇ ಬರಹವನ್ನು ಉತ್ತರದ ಲಿಪಿಯಲ್ಲೂ ನಮ್ಮ ಕಡೆಯ ಲಿಪಿಯಲ್ಲೂ ಕೊರೆದಿದ್ದಾರೆ.

ಗೆದ್ದ ರಾಷ್ಟ್ರಕೂಟರು ಗುಡಿಯನ್ನು ಕೆಡವಲಿಲ್ಲ. ಅವರ ಒಂದನೆಯ ಕೃಷ್ಣ ಎಲ್ಲೋರದಲ್ಲಿ ಬಂಡೆ ಕಡಿಸಿ ಮಾಡಿಸಿದ ಕೈಲಾಸಕ್ಕೆ ಲೋಕಮಹಾದೇವಿಯ ಗುಡಿಯೇ ಮಾದರಿ ಎನ್ನುತ್ತಾರೆ ವಿದ್ವಾಂಸರು. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಗುಡಿಗಳಲ್ಲಿ ರಾಣಿಯ ಈ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಹೋದವರು ಕಾಯಿ ಒಡೆಸಿಕೊಂಡು ಬರುವಾಗ ಜ್ಞಾನಶಿವಾಚಾರ್ಯರ ಕಂಬದ ಹತ್ತಿರ ಒಂದು ಗಳಿಗೆ ನಿಂತು ಬನ್ನಿ.